ಟೀಚರ್ ಅಜ್ಜಿ ಮನೆಯಲ್ಲೂ ಸ್ಟ್ರಿಕ್ಟಾ? ಇಲ್ಲ ಅಂದ್ರೆ ಇಲ್ಲ

ಅಜ್ಜಿ ತೀರಿಕೊಂಡ ಮೇಲೆ ನನ್ನನ್ನು ಮಾತಾಡಿಸಿದವರೆಲ್ಲ ಹೆಚ್ಚುಕಮ್ಮಿ ಒಂದೇ ಪ್ರಶ್ನೆ ಕೇಳಿದ್ದಾರೆ. "ಟೀಚರ್ ಆಗಿದ್ರಲ್ವಾ, ಮನೆಯಲ್ಲೂ ಹಾಗೇ ಸ್ಟ್ರಿಕ್ಟಾ?" ಮೊದಮೊದಲು ನಗುತ್ತಾ "ಅಯ್ಯೋ, ಹಾಗೇನಿಲ್ಲ" ಅನ್ನುತ್ತಿದ್ದೆ. ಆಮೇಲೆ "ಇಲ್ಲ" ಅಂತಷ್ಟೇ ಹೇಳತೊಡಗಿದೆ. ಈಗ ಅದಕ್ಕೂ ಬೇಜಾರು. ಹಾಗಾಗಿ ಒಂದು ಸಲ ಬರೆದು ಮುಗಿಸುತ್ತೇನೆ.

ಕೇಳುವವರಿಗೆ ನಿಜಕ್ಕೂ ಉತ್ತರ ಬೇಕಿರುವುದಿಲ್ಲ. ಬೆತ್ತದ ಕಥೆ ಬೇಕಿರುತ್ತದೆ. ಬಾಗಿಲ ಸದ್ದು ಕೇಳಿದ ಕೂಡಲೇ ಮೊಮ್ಮಕ್ಕಳೆಲ್ಲ ಪುಸ್ತಕ ಹಿಡಿದು ಕೂರುತ್ತಿದ್ದರು, ತಪ್ಪು ಉತ್ತರ ಕೊಟ್ಟರೆ ಕಿವಿ ಕೆಂಪಾಗುತ್ತಿತ್ತು, ಅಂಥದ್ದೇನಾದರೂ. "ಇಲ್ಲ" ಅಂದರೆ ಮುಖ ಸಪ್ಪಗೆ ಮಾಡುತ್ತಾರೆ. ನಾನೇ ಏನೋ ಮುಚ್ಚಿಡುತ್ತಿದ್ದೇನೆ ಎನ್ನುವ ಹಾಗೆ ನೋಡುತ್ತಾರೆ.

ಅಜ್ಜಿಯ ನೆನಪಿಗೆಂದು ಎಲ್ಲರೂ ಸೇರಿದ್ದ ದಿನವಂತೂ ಮರೆಯುವುದಿಲ್ಲ. ತಲೆ ಪೂರ್ತಿ ನರೆತ ಹಳೇ ವಿದ್ಯಾರ್ಥಿಯೊಬ್ಬರು ಮೈಕ್ ಹಿಡಿದರು. ಮಿಸ್ ಒಂದು ಸಲ ಕಣ್ಣು ಬಿಟ್ಟರೆ ಸಾಕು, ಕ್ಲಾಸೆಲ್ಲ ಗಪ್‌ಚಿಪ್, ಅಂತ ಚೆನ್ನಾಗಿಯೇ ಹೇಳಿದರು. ಎಲ್ಲರೂ ನಕ್ಕರು. ಅಷ್ಟಕ್ಕೇ ಬಿಡಬಾರದಿತ್ತಾ? ನನ್ನ ಕಡೆ ತಿರುಗಿ "ಇವರ ಗತಿ ಏನಾಗಿತ್ತೋ ಪಾಪ! ನೀವೇ ಹೇಳಿಮ್ಮ" ಅಂತ ಮೈಕ್ ನನ್ನ ಕೈಗೆ ತುರುಕಿದರು.

ನಾನು ಇದ್ದದ್ದನ್ನೇ ಹೇಳಿದೆ. "ಮನೆಯಲ್ಲಿ ಅಜ್ಜಿಗೆ ದನಿಯೇ ಇರಲಿಲ್ಲ."

ಎಲ್ಲರೂ ಸುಮ್ಮನಾದರು. ಹಿಂದಿನ ಸಾಲಿನಲ್ಲಿ ಒಬ್ಬರು ಪಕ್ಕದವರಿಗೆ ಹೇಳಿದ್ದು ನನಗೂ ಕೇಳಿಸಿತು: "ಪಾಪ, ಅಷ್ಟು ದೊಡ್ಡ ಟೀಚರು. ಮನೆಯವರು ಬಾಯಿ ಬಿಡೋಕೂ ಬಿಡ್ತಿರಲಿಲ್ವಂತೆ."

ಅಲ್ಲ ಸ್ವಾಮಿ! ದನಿ ಅಂದರೆ ದನಿ. ಗಂಟಲಿನಿಂದ ಬರುವುದು. ಅದು ಇರಲಿಲ್ಲ.

ಮಾತಾಡುವಾಗ ಹೆಂಗಸರ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ಬಡಿಯುತ್ತವೆ. ಗಂಡಸರದ್ದು ಇದಕ್ಕಿಂತ ಕಮ್ಮಿ, ಸುಮಾರು 120. ದಿನವಿಡೀ ಮಕ್ಕಳ ಗಲಾಟೆಯ ಮೇಲೆ ದನಿ ಎತ್ತಿ ಪಾಠ ಮಾಡಿದರೆ ಆ ತಂತುಗಳ ಮೇಲೆ ಸಣ್ಣ ಗಂಟು ಏಳಬಹುದು. ಬೇರೆ ಕೆಲಸದವರಿಗಿಂತ ಟೀಚರುಗಳಿಗೆ ದನಿಯ ತೊಂದರೆ ಜಾಸ್ತಿ. ಸುತ್ತ ಸದ್ದು ಹೆಚ್ಚಾದರೆ ನಮಗೇ ಗೊತ್ತಿಲ್ಲದೆ ನಮ್ಮ ದನಿಯೂ ಏರುತ್ತದೆ. ಇದನ್ನು ಎಟಿಯೆನ್ ಲೊಂಬಾರ್ಡ್ ಎಂಬ ಫ್ರಾನ್ಸಿನ ವೈದ್ಯರು 1911ರಲ್ಲೇ ಬರೆದಿದ್ದರು. ಅಂದರೆ ಮಕ್ಕಳು ಕೂಗಿದರೆ ಟೀಚರೂ ಕೂಗಲೇಬೇಕು. ಸಿಟ್ಟು ಬಂದೇ ಕೂಗಬೇಕು ಅಂತೇನಿಲ್ಲ.

ಅಜ್ಜಿಗೂ ಗಂಟಾಗಿತ್ತು. ಮನೆಯಲ್ಲಿ ಮಾತು ಕಮ್ಮಿ ಮಾಡಿ ಅಂತ ಡಾಕ್ಟರು ಹೇಳಿದ್ದರು. ಪಿಸುಗುಟ್ಟುವುದೂ ಬೇಡ, ಅದರಿಂದಲೂ ಗಂಟಲಿಗೆ ಶ್ರಮ ಅಂದಿದ್ದರು. ಹಾಗಾಗಿ ನಾವು ಕಂಡ ಅಜ್ಜಿ ತಲೆ ಆಡಿಸುವ ಅಜ್ಜಿ, ಕೈಸನ್ನೆಯ ಅಜ್ಜಿ, ನಮ್ಮ ಮಾತನ್ನೆಲ್ಲ ಕೊನೆ ತನಕ ಕೇಳುವ ಅಜ್ಜಿ. ಬೈಯಬೇಕು ಅನ್ನಿಸಿದರೂ ಪೂರ್ತಿ ಬೈಯಲು ಆಗುತ್ತಿರಲಿಲ್ಲ. ಅರ್ಧಕ್ಕೇ ಕೆಮ್ಮು ಬರುತ್ತಿತ್ತು. ನಾವೇ ನೀರು ತಂದು ಕೊಡುತ್ತಿದ್ದೆವು. ಅಲ್ಲಿಗೆ ಬೈಗುಳ ಮುಗಿಯಿತು.

ರಿಟೈರ್ ಆದ ಮೇಲೆ ಗಂಟಲು ಸ್ವಲ್ಪ ಸುಧಾರಿಸಿತು. ಆಗಲಾದರೂ ಪಾಠ ಹೇಳಿಕೊಟ್ಟಳಾ? ಅದೂ ಇಲ್ಲ. ಗಣಿತ ಹೇಳಿಕೊಡು ಅಂತ ಹೋದರೆ "ನಿಮ್ಮ ಟೀಚರಿಗೆ ಸಂಬಳ ಕೊಡ್ತಾರಲ್ವಾ ಮರಿ? ಅವರನ್ನ ಕೇಳು" ಅನ್ನುತ್ತಿದ್ದಳು. ತೀರಾ ಗೋಳು ಹೊಯ್ದುಕೊಂಡರೆ "ಸರಿ, ನನಗೆ ಮರೆತು ಹೋಗಿದೆ. ನಿಂಗೆ ಗೊತ್ತಿರೋದನ್ನ ನಂಗೆ ಹೇಳಿಕೊಡು" ಅಂತ ಕೂರುತ್ತಿದ್ದಳು. ನಾನು ಟೀಚರ್ ಥರ ಗತ್ತಿನಲ್ಲಿ ಶುರು ಮಾಡುತ್ತಿದ್ದೆ. ಎಲ್ಲಿ ನನಗೇ ಅರ್ಥವಾಗಿಲ್ಲವೋ ಸರಿಯಾಗಿ ಅಲ್ಲೇ ಅಜ್ಜಿಗೂ ಅನುಮಾನ ಬರುತ್ತಿತ್ತು. ಇಷ್ಟಾದರೂ ಗಣಿತದಲ್ಲಿ ನನಗೆ ಬರುತ್ತಿದ್ದ ಮಾರ್ಕ್ಸು ಹೇಳುವಂಥದ್ದಲ್ಲ. "ಟೀಚರ್ ಮೊಮ್ಮಗಳಾಗಿ ಇಷ್ಟೇನಾ?" ಅಂತ ಕೇಳುವವರಿಗೆ ಬೇರೆಯದೇ ಉತ್ತರ ಇದೆ. ಅದನ್ನು ಬರೆಯುವ ಹಾಗಿಲ್ಲ.

"ಎಷ್ಟು ಸಾವಿರ ಮಕ್ಕಳಿಗೆ ಕಲಿಸಿರಬಹುದು?" ಅಂತಲೂ ಕೇಳುತ್ತಾರೆ. ಲೆಕ್ಕ ಯಾರು ಇಟ್ಟಿದ್ದಾರೆ? ಯಾರಿಗೆ ಕಲಿಸಲು ಆಗಲಿಲ್ಲ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದ್ದರೆ ಅಜ್ಜಿಯ ಬಗ್ಗೆ ನಿಜವಾಗಿ ಏನಾದರೂ ಹೇಳಬಹುದಿತ್ತು.

ಅಜ್ಜಿಗೆ ರ‍್ಯಾಂಕ್ ಬಂದವರ ಹೆಸರು ಅಷ್ಟಾಗಿ ನೆನಪಿರುತ್ತಿರಲಿಲ್ಲ. ಮದುವೆ ಮುಂಜಿಯಲ್ಲಿ ಯಾರಾದರೂ ಬಂದು ಕಾಲಿಗೆ ಬಿದ್ದರೆ "ಚೆನ್ನಾಗಿದ್ದೀಯಾ?" ಅಂತ ತಲೆ ಸವರಿ, ಆಮೇಲೆ ನನ್ನ ಕಡೆ ತಿರುಗಿ "ಯಾರೇ ಇವನು?" ಅನ್ನುತ್ತಿದ್ದಳು. ನನಗೆ ಹೇಗೆ ಗೊತ್ತಿರಬೇಕು? ಆದರೆ ಒಬ್ಬ ಹುಡುಗನ ಹೆಸರು ಕೊನೇವರೆಗೂ ಮರೆತಿರಲಿಲ್ಲ. ಅವನು ಕಥೆ ಕಟ್ಟಿ ಹೇಳುತ್ತಿದ್ದನಂತೆ, ಬಾಯಿಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿದ್ದನಂತೆ. ಪುಸ್ತಕ ಕೊಟ್ಟರೆ ಮಾತ್ರ ಎರಡು ಅಕ್ಷರ ಕೂಡಿಸಿ ಓದಲು ಆಗುತ್ತಿರಲಿಲ್ಲ. ಅಜ್ಜಿ ಕಾಪಿ ಬರೆಸಿದಳು, ಸಂಜೆ ಕೂರಿಸಿಕೊಂಡು ಓದಿಸಿದಳು, ಮುಂದಿನ ಬೆಂಚಿಗೆ ತಂದಳು. ಒಂದೂ ನಡೆಯಲಿಲ್ಲ. ಮನೆಯವರು ದಡ್ಡ ಅಂತ ತೀರ್ಮಾನ ಮಾಡಿ ಶಾಲೆ ಬಿಡಿಸಿದರು.

ರಿಟೈರ್ ಆಗಿ ಎಷ್ಟೋ ವರ್ಷದ ಮೇಲೆ ನಾನು ತಂದಿದ್ದ ಪುಸ್ತಕವೊಂದರಲ್ಲಿ ಅಜ್ಜಿ ಡಿಸ್ಲೆಕ್ಸಿಯಾ ಬಗ್ಗೆ ಓದಿದಳು. ಅದು ಕಣ್ಣಿನ ದೋಷವೂ ಅಲ್ಲ, ದಡ್ಡತನವೂ ಅಲ್ಲ, ಅಕ್ಷರವನ್ನೂ ಅದರ ಸದ್ದನ್ನೂ ಜೋಡಿಸುವುದೇ ಕಷ್ಟವಾಗುತ್ತದೆ ಅಂತ ಅದರಲ್ಲಿತ್ತು. ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲೆಂಡಿನ ವೈದ್ಯರು 1896ರಲ್ಲೇ ಇಂಥ 14 ವರ್ಷದ ಹುಡುಗನ ಬಗ್ಗೆ ಬರೆದಿದ್ದರು. ಪಾಠವೆಲ್ಲ ಬಾಯಿಮಾತಲ್ಲೇ ನಡೆದರೆ ಶಾಲೆಯಲ್ಲಿ ಇವನೇ ಎಲ್ಲರಿಗಿಂತ ಜಾಣ ಅಂತ ಆ ಹುಡುಗನ ಮೇಷ್ಟ್ರು ಹೇಳಿದ್ದರಂತೆ.

ಆವತ್ತು ಅಜ್ಜಿಗೆ ಬಂದ ಸಿಟ್ಟನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. "1896! ನಾನು ಹುಟ್ಟೋಕೂ ಮುಂಚೆ! ಟ್ರೈನಿಂಗ್‌ನಲ್ಲಿ ಒಬ್ಬರಾದರೂ ಬಾಯಿ ಬಿಟ್ಟರಾ?" ಅಂತ ಕೂಗಿದಳು. ಕೆಮ್ಮು ಬಂತು. ನಾನು ತಂದ ನೀರನ್ನು ಪಕ್ಕಕ್ಕೆ ತಳ್ಳಿ ಮತ್ತೆ ಕೂಗಿದಳು.

ಅಲ್ಲಿಂದ ಮನೆಗೆ ಮಕ್ಕಳು ಬರತೊಡಗಿದರು. ಓದಲು ಕಷ್ಟಪಡುವವರು ಮಾತ್ರ. ತಟ್ಟೆಯಲ್ಲಿ ಮರಳು ಹರಡಿ, ಸದ್ದನ್ನು ಬಾಯಲ್ಲಿ ಹೇಳಿಸುತ್ತಾ ಅಕ್ಷರವನ್ನು ಬೆರಳಿನಿಂದ ತಿದ್ದಿಸುತ್ತಿದ್ದಳು. ಒಂದು ದಿನಕ್ಕೆ ಒಂದೋ ಎರಡೋ ಅಕ್ಷರ, ಜಾಸ್ತಿ ಇಲ್ಲ. ಕೆಲವರು ಓದುವುದು ಕಲಿತರು, ಕೆಲವರು ಅರ್ಧಕ್ಕೇ ಬಿಟ್ಟರು. ಮಗನನ್ನು ಬಿಡಲು ಬಂದ ಒಬ್ಬ ಅಪ್ಪ ಅವನ ಮುಂದೆಯೇ "ಇದಕ್ಕೆ ತಲೆನೇ ಇಲ್ಲ ಮಿಸ್" ಅಂದಾಗ ಅಜ್ಜಿ ಆ ಅಪ್ಪನನ್ನು ಅರ್ಧ ಗಂಟೆ ನಿಲ್ಲಿಸಿಕೊಂಡು ಮಾತಾಡಿದಳು. ಕೂರಲು ಹೇಳಲಿಲ್ಲ.

ಆ ಮೊದಲ ಹುಡುಗ ಆಮೇಲೆ ಏನಾದ ಅಂತ ಅಜ್ಜಿಗೆ ತಿಳಿಯಲೇ ಇಲ್ಲ. ತಿಳಿದುಕೊಳ್ಳುವ ಆಸೆ ಮಾತ್ರ ಬಹಳ ಇತ್ತು. ಅದಕ್ಕೇ ಈಗ ಹಳೇ ವಿದ್ಯಾರ್ಥಿಗಳು ಸಿಕ್ಕಿದರೆ, ಅವರ ಪ್ರಶ್ನೆ ಮುಗಿದ ಕೂಡಲೇ ನಾನೂ ಒಂದು ಕೇಳುತ್ತೇನೆ. ನಿಮ್ಮ ಕ್ಲಾಸಿನಲ್ಲಿ ಓದಲು ಬಾರದ, ಚೆಂದ ಕಥೆ ಹೇಳುವ ಹುಡುಗ ಒಬ್ಬ ಇದ್ದನಾ?

ಇಲ್ಲಿವರೆಗೆ ಎಲ್ಲರೂ ತಮಗೆ ಎಷ್ಟನೇ ರ‍್ಯಾಂಕ್ ಬಂದಿತ್ತು ಅಂತಲೇ ಹೇಳಿದ್ದಾರೆ.