ಹನ್ನೆರಡು ವರ್ಷ ಕೊಟ್ಟಿಗೆಯಲ್ಲಿದ್ದ ಯೆಜ್ಡಿ

ದೊಡ್ಡಪ್ಪನ ಯೆಜ್ಡಿ ರೋಡ್‌ಕಿಂಗ್ ಬೈಕು ಯುಗಾದಿ ಮುಗಿದ ಮೇಲೆ ಮತ್ತೆ ರೋಡಿಗೆ ಇಳಿಯಿತು. 1992ರ ಗಾಡಿ. ಸಾಗರದ ಹತ್ತಿರ ನಮ್ಮ ಊರ ಮನೆಯ ಕೊಟ್ಟಿಗೆಯಲ್ಲಿ, ಹಳೇ ಅಡಿಕೆ ತಟ್ಟಿಗಳ ಹಿಂದೆ, ಹರಿದ ತಾಡಪಾಲಿನ ಕೆಳಗೆ 2012ರಿಂದ ನಿಂತೇ ಇತ್ತು. ಹನ್ನೆರಡು ಮಳೆಗಾಲ. ಮಲೆನಾಡಿನ ಮಳೆ ಕಬ್ಬಿಣವನ್ನ ಏನು ಮಾಡುತ್ತೆ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ.

ಗಾಡಿ ಕೆಟ್ಟು ನಿಂತಿದ್ದಲ್ಲ. 2007ಕ್ಕೆ ಹದಿನೈದು ವರ್ಷ ಆಯ್ತು, ಐದು ವರ್ಷಕ್ಕೆ ಆರ್‌ಸಿ ರಿನೀವಲ್ ಮಾಡಿಸಿದರು, ಅದು 2012ಕ್ಕೆ ಮುಗಿಯಿತು. ಆಗ ದೊಡ್ಡಪ್ಪನಿಗೆ ಮಂಡಿ ನೋವು ಶುರುವಾಗಿತ್ತು. ಮನೆಗೆ ಸ್ಕೂಟರ್ ಬಂತು. ಅಡಿಕೆ ಕೊಯ್ಲು ಮುಗೀಲಿ, ಮಳೆ ನಿಲ್ಲಲಿ, ಆಮೇಲೆ ಆರ್‌ಟಿಒಗೆ ಹೋದರಾಯ್ತು ಅಂದುಕೊಂಡೇ ವರ್ಷಗಳು ಹೋದವು. ಟ್ಯಾಂಕಿನಲ್ಲಿ ಪೆಟ್ರೋಲ್ ಹಾಗೇ ಇತ್ತು.

ಹಳೇ ಗಾಡಿ ಹೊರಗೆ ತೆಗೆಯೋ ಯೋಚನೆ ಇದ್ದವರಿಗೆ ನಾನು ಮೊದಲು ಹೇಳೋದು ಒಂದೇ: ಕಿಕ್ ಹೊಡೀಬೇಡಿ. ಎಲ್ಲರೂ ಮೊದಲು ಮಾಡೋದು ಅದನ್ನೇ. ಧೂಳು ಒರೆಸೋದು, ಒಂದು ಲೀಟರ್ ಪೆಟ್ರೋಲ್ ಹಾಕೋದು, ಹೊಡೆಯೋದು. ವರ್ಷಗಟ್ಟಲೆ ನಿಂತ ಇಂಜಿನ್‌ನಲ್ಲಿ ಪಿಸ್ಟನ್ ರಿಂಗು ಬೋರಿಗೆ, ಅಂದರೆ ಪಿಸ್ಟನ್ ಓಡಾಡೋ ಸಿಲಿಂಡರಿನ ಒಳಗೋಡೆಗೆ, ಅಂಟಿಕೊಂಡಿರುತ್ತೆ. ಬಲ ಹಾಕಿದರೆ ರಿಂಗೇ ಮುರಿದು, ಬೋರ್ ಗೀರಿ ಹೋಗುತ್ತೆ. ನಾನು ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನಿಂದ ಡೀಸೆಲ್ಲಿಗೆ ಸ್ವಲ್ಪ ಆಯಿಲ್ ಬೆರೆಸಿ ಸುರಿದು, ಬೆಂಗಳೂರಿಗೆ ಬಸ್ ಹತ್ತಿದೆ. ಮುಂದಿನ ವಾರ ಬಂದು ಟಾಪ್ ಗೇರ್‌ಗೆ ಹಾಕಿ ಹಿಂದಿನ ಚಕ್ರ ಹಿಡಿದು ಮೆಲ್ಲಗೆ ಹಿಂದೆ ಮುಂದೆ ಮಾಡಿದೆ. ಕದಲಲಿಲ್ಲ. ಮತ್ತೆ ಸುರಿದೆ. ಮೂರನೇ ಸಲ ಊರಿಗೆ ಹೋದಾಗ, ಭಾನುವಾರ ಬೆಳಗ್ಗೆ, ಕೈಗೆ ಒಂದು ಸಣ್ಣ ಜರುಗು ಸಿಕ್ಕಿತು. ಬೆರಳಗಲವೂ ಇಲ್ಲ. ಅಷ್ಟಕ್ಕೇ ನಾನು ಓಡಿ ಹೋಗಿ ದೊಡ್ಡಮ್ಮನನ್ನ ಕರೆದುಕೊಂಡು ಬಂದೆ.

ಆಮೇಲೆ ಟ್ಯಾಂಕ್. ಮುಚ್ಚಳ ತೆಗೆದರೆ ಪೆಟ್ರೋಲ್ ವಾಸನೆಯೇ ಅಲ್ಲ, ಹುಳಿ ವಾರ್ನಿಷ್ ವಾಸನೆ. ಟಾರ್ಚ್ ಬಿಟ್ಟು ನೋಡಿದರೆ ಒಳಗೆಲ್ಲ ಕೆಂಪು ಹಕ್ಕಳೆ. ಹಳೇ ಸೈಕಲ್ ಚೈನ್ ಒಂದನ್ನ ಒಳಗೆ ಬಿಟ್ಟು ಅರ್ಧ ಗಂಟೆ ಅಲ್ಲಾಡಿಸಿದೆ, ನಂತರ ವಿನೆಗರ್ ತುಂಬಿ ಮೂರು ದಿನ ಇಟ್ಟೆ. ದೊಡ್ಡಮ್ಮ ಹಿತ್ತಾಳೆ ಬಿಂದಿಗೆಗೆ ಹುಣಸೆಹುಳಿ ಹಚ್ಚೋದೂ ಇದೇ ಲೆಕ್ಕ, ಹುಳಿ ಕಿಲುಬನ್ನ ತಿನ್ನೋ ಹಾಗೆ ತುಕ್ಕನ್ನೂ ತಿನ್ನುತ್ತೆ. ಆದರೆ ಹುಳಿಯನ್ನ ಒಳಗೇ ಬಿಟ್ಟರೆ ತಗಡನ್ನೂ ತಿನ್ನುತ್ತೆ. ಅದಕ್ಕೆ ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ತೊಳೆದು, ಬಿಸಿಲಿಗಿಟ್ಟು ಪೂರ್ತಿ ಒಣಗಿಸಿ, ತಕ್ಷಣ ಪೆಟ್ರೋಲ್ ಮತ್ತು ಆಯಿಲ್ ಹಾಕಿ ಒಳಗೆಲ್ಲ ಓಡಾಡಿಸಬೇಕು. ಒಣಗಿಸಿ ಹಾಗೇ ಬಿಟ್ಟರೆ ರಾತ್ರಿ ಬೆಳಗಾಗೋದರೊಳಗೆ ಮತ್ತೆ ತುಕ್ಕು.

ಕಾರ್ಬುರೇಟರಿನ ಜೆಟ್, ಅಂದರೆ ಪೆಟ್ರೋಲ್ ಹಾಯೋ ಸಣ್ಣ ತೂತು, ಪೂರ್ತಿ ಕಟ್ಟಿತ್ತು. ಅದಕ್ಕೆ ಪಿನ್ ಹಾಕಬೇಡಿ, ತೂತು ದೊಡ್ಡದಾಗುತ್ತೆ. ಕರೆಂಟ್ ವೈರಿನ ಒಂದೇ ಒಂದು ತಾಮ್ರದ ಎಳೆ ಸಾಕು. ರಬ್ಬರ್ ಪೈಪು, ಕೇಬಲ್ಲು, ಎರಡು ಟೈರು ಎಲ್ಲಾ ಹೊಸದು. 6 ವೋಲ್ಟಿನ ಬ್ಯಾಟರಿಯೂ ಹೊಸದು. ಎಡಗಡೆ ಸೈಲೆನ್ಸರಿನಲ್ಲಿ ಕಣಜ ಕಟ್ಟಿದ ಮಣ್ಣಿನ ಗೂಡು ಇತ್ತು, ಉದ್ದ ಕಡ್ಡಿ ಹಾಕಿ ಕೆರೆದು ತೆಗೆದೆ.

ಈ ಗಾಡಿ ಗೊತ್ತಿಲ್ಲದವರಿಗೆ ಒಂದು ಮಾತು. ಇದು ನಮ್ಮ ಮೈಸೂರಿನಲ್ಲೇ ಹುಟ್ಟಿದ್ದು. ಐಡಿಯಲ್ ಜಾವಾ ಫ್ಯಾಕ್ಟರಿ ಯಾದವಗಿರಿಯಲ್ಲಿತ್ತು, 1961ರಿಂದ ಗಾಡಿ ಮಾಡಿ 1996ರಲ್ಲಿ ಮುಚ್ಚಿತು. ಮೊದಲು ಜಾವಾ, ಎಪ್ಪತ್ತರ ದಶಕದಿಂದ ಯೆಜ್ಡಿ. ಇರೋದು ಒಂದೇ ಸಿಲಿಂಡರ್, ಸೈಲೆನ್ಸರ್ ಮಾತ್ರ ಎರಡು. ಗೇರ್ ಲಿವರೇ ಕಿಕ್ಕರ್. ಕಾಲಲ್ಲಿ ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಎದ್ದು ನಿಲ್ಲುತ್ತೆ, ಹೊಡೆದು ಸ್ಟಾರ್ಟ್ ಆದ ಮೇಲೆ ಕೆಳಗೆ ಇಳಿಸಿದರೆ ಅದೇ ಗೇರ್. ಚಿಕ್ಕವನಾಗಿದ್ದಾಗ ದೊಡ್ಡಪ್ಪ ಅದನ್ನ ಮಾಡೋದು ನೋಡೋಕೇ ನಾನು ಜಗಲಿಯಲ್ಲಿ ಕಾಯುತ್ತಾ ಕೂರುತ್ತಿದ್ದೆ.

ಇಂಜಿನ್ ಕೆಲಸ ನನ್ನ ಕೈಯಲ್ಲಿ ಆಗೋದಲ್ಲ. ಪೇಟೆಯಲ್ಲಿ ಹಳೇ ಮೆಕ್ಯಾನಿಕ್ ಒಬ್ಬರಿದ್ದಾರೆ, ಎಲ್ಲರೂ ಭಾಯ್ ಅಂತಲೇ ಕರೆಯೋದು. ಇಂಜಿನ್ ಬಿಚ್ಚಿ ಕ್ಲಚ್ ಪ್ಲೇಟ್ ತೋರಿಸಿದರು. ಅದರಲ್ಲಿ ಕೂರಿಸಿರೋ ಬಿರಡೆ ಬಿಲ್ಲೆಗಳು ಒಂದಕ್ಕೊಂದು ಅಂಟಿ ರೊಟ್ಟಿ ಅಡಕಿದ ಹಾಗಾಗಿದ್ದವು. ಕ್ರ್ಯಾಂಕ್ ಸೀಲ್, ಅಂದರೆ ಇಂಜಿನ್ ಶಾಫ್ಟಿನ ಸುತ್ತ ಗಾಳಿ, ಆಯಿಲ್ ಸೋರದ ಹಾಗೆ ತಡೆಯೋ ರಬ್ಬರ್ ಬಳೆ, ಕಲ್ಲಾಗಿತ್ತು. ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸೋ ಇಂಥ ಟೂ ಸ್ಟ್ರೋಕ್ ಗಾಡಿಗೆ ಈ ಸೀಲೇ ಜೀವ. ಅದು ಹೋದರೆ ಒಂದು ಕಡೆಯಿಂದ ಗಾಳಿ ಒಳಗೆ ಬಂದು ಇಂಜಿನ್ ಬಿಸಿಯಾಗುತ್ತೆ, ಇನ್ನೊಂದು ಕಡೆ ಗೇರ್ ಬಾಕ್ಸ್ ಆಯಿಲನ್ನೇ ಇಂಜಿನ್ ಎಳೆದುಕೊಂಡು ಬಿಳಿ ಹೊಗೆ ಉಗುಳುತ್ತೆ. ಬೆಂಗಳೂರಿನ ಜೆಸಿ ರೋಡಿನಲ್ಲಿ ಒಂದು ಶನಿವಾರ ಪೂರ್ತಿ ಅಲೆದು ಸೀಲು, ಕಿಡಿ ಹೊತ್ತಿಸೋ ಪಾಯಿಂಟ್ಸು, ಕ್ಲಚ್ ಪ್ಲೇಟು ತಂದೆ. ಒಂದು ಅಂಗಡಿಯಲ್ಲಿ ಒರಿಜಿನಲ್ ಅಂತ ಹೇಳಿ ಕೊಟ್ಟ ಸೀಲು ಹಾಕಿದ ವಾರಕ್ಕೇ ಸೋರಿತು. ಮತ್ತೆ ಇಂಜಿನ್ ಬಿಚ್ಚಿಸಬೇಕಾಯ್ತು. ನನಗೆ ಅಳು ಬರೋದೊಂದು ಬಾಕಿ. ಭಾಯ್ ಮಾತ್ರ ಎರಡನೇ ಸಲದ ಕೂಲಿ ತಗೊಳ್ಳಲೇ ಇಲ್ಲ. "ಸೀಲ್ ಒತ್ತಿ ನೋಡಿ ಹಾಕಬೇಕಿತ್ತು ಸಾರ್, ಅದು ನನ್ನ ಕೆಲಸ" ಅಂದರು.

ಪೇಂಟ್ ಮಾಡಿಸು ಅಂತ ಎಲ್ಲರೂ ಹೇಳಿದರು. ಬೆಂಗಳೂರಿನ ಗೆಳೆಯನೊಬ್ಬ ಬಣ್ಣದ ಅಂಗಡಿ ವಿಳಾಸವನ್ನೂ ಕಳಿಸಿದ. ನಾನು ಮಾಡಿಸಲಿಲ್ಲ. ಟ್ಯಾಂಕಿನ ಎರಡೂ ಪಕ್ಕದಲ್ಲಿ ದೊಡ್ಡಪ್ಪನ ಮಂಡಿ ಉಜ್ಜಿ ಉಜ್ಜಿ ಬಣ್ಣ ಹೋಗಿ, ಅಂಗೈ ಅಗಲ ತಗಡು ಕಾಣುತ್ತೆ. ಇಪ್ಪತ್ತು ವರ್ಷ ಆ ಟ್ಯಾಂಕನ್ನ ಮಂಡಿಯಲ್ಲಿ ಅವಚಿ ಹಿಡಿದು ಅಡಿಕೆ ಮಂಡಿಗೆ, ಆಸ್ಪತ್ರೆಗೆ, ನಮ್ಮ ಸ್ಕೂಲಿಗೆ ಓಡಾಡಿದ ಗುರುತು ಅದು. ಅದರ ಮೇಲೆ ಬಣ್ಣ ಬಳಿಯೋಕೆ ಮನಸ್ಸೇ ಬರಲಿಲ್ಲ. ಚೆನ್ನಾಗಿ ಒರೆಸಿ ಮೇಣದ ಪಾಲಿಶ್ ಹಚ್ಚಿದ್ದೇನೆ, ತುಕ್ಕು ಹಿಡಿಯದಿದ್ದರೆ ಸಾಕು.

ಆರ್‌ಟಿಒ ಕೆಲಸ ನಾನು ಅಂದುಕೊಂಡಷ್ಟು ಕಷ್ಟ ಆಗಲಿಲ್ಲ, ದುಡ್ಡು ಮಾತ್ರ ಜಾಸ್ತಿಯೇ ಆಯ್ತು. ಫಾರಂ 25, ಇನ್ಶೂರೆನ್ಸ್, ಹೊಗೆ ಸರ್ಟಿಫಿಕೇಟ್, ಹಸಿರು ತೆರಿಗೆ, ತಡ ಮಾಡಿದ್ದಕ್ಕೆ ದಂಡ. ಗಾಡಿಯನ್ನ ಲಗೇಜ್ ಆಟೋದಲ್ಲಿ ಹಾಕಿಕೊಂಡು ಹೋಗಿ ಇನ್‌ಸ್ಪೆಕ್ಟರಿಗೆ ತೋರಿಸಿದೆ. ಒಂದು ವಿಷಯ ನೆನಪಿಡಿ: ಚಾಸಿ ನಂಬರ್ ಇರೋ ಜಾಗಕ್ಕೆ ಸ್ಯಾಂಡ್ ಪೇಪರ್ ತಾಗಿಸಬೇಡಿ. ಸೀಮೆಎಣ್ಣೆ ಬಟ್ಟೆಯಲ್ಲಿ ನಿಧಾನಕ್ಕೆ ಒರೆಸಿ. ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯುವಾಗ ಒಂದು ಅಂಕಿ ಕಾಣದಿದ್ದರೂ ಪೇಚಾಟ.

ಇನ್ನೊಂದು, ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತೆ. ಗಾಡಿ ತಿಂಗಳುಗಟ್ಟಲೆ ನಿಲ್ಲೋದಾದರೆ ಟ್ಯಾಂಕೂ ಕಾರ್ಬುರೇಟರೂ ಖಾಲಿ ಮಾಡಿಬಿಡಿ. ನಾನು ಈಗ ಲೀಟರಿಗೆ 40 ಎಂಎಲ್ ಟೂಟಿ (ಟೂ ಸ್ಟ್ರೋಕ್) ಆಯಿಲ್ ಬೆರೆಸಿ, ಬೇಕಾದಷ್ಟೇ ಹಾಕಿಸುತ್ತೇನೆ.

ಮೊದಲ ಓಟ ಇಕ್ಕೇರಿಗೆ. ದೊಡ್ಡಪ್ಪ ಹಿಂದೆ ಕೂತಿದ್ದರು, ಒಂದು ಕೈ ನನ್ನ ಹೆಗಲ ಮೇಲೆ. ಮಾತೇ ಇಲ್ಲ. ಆ ಡುಗು ಡುಗು ಸದ್ದು ಕೇಳಿ ದಾರಿಯಲ್ಲಿ ಇಬ್ಬರು ಮೂವರು ತಿರುಗಿ ನೋಡಿ ಕೈ ಎತ್ತಿದರು, ನನಗಲ್ಲ, ಅವರಿಗೆ. ಒಂದು ಏರಿನಲ್ಲಿ ಹೆಗಲು ತಟ್ಟಿ "ಗೇರ್ ಇಳಿಸು, ಎಳೀಲಿಕ್ಕೆ ಆಗ್ತಾ ಇಲ್ಲ ಅದಕ್ಕೆ" ಅಂದರು. ಇಳಿಸಿದೆ. ಆಗ ನನಗೆ ಕೇಳಿಸದೇ ಇದ್ದದ್ದು ಅವರಿಗೆ ಹಿಂದೆ ಕೂತೂ ಕೇಳಿಸಿತ್ತು.

ಅಘೋರೇಶ್ವರ ದೇವಸ್ಥಾನ ನೋಡಿ ಹೊರಗೆ ಬಂದೆವು. ನಾನು ಚಪ್ಪಲಿ ಹಾಕಿಕೊಳ್ಳೋದರೊಳಗೆ ದೊಡ್ಡಪ್ಪ ಗಾಡಿ ಹತ್ತಿರ ಹೋಗಿ ನಿಂತಿದ್ದರು. ಹಿಡಿಕೆ ಹಿಡಿದು, ಬಲಗಾಲಿನ ಮೇಲೆ ಭಾರ ಬಿಟ್ಟು, ಎಡಗಾಲಲ್ಲಿ ಲಿವರ್ ಒಳಗೆ ಒತ್ತಿದರು. ಒಂದೇ ಸಲಕ್ಕೆ ಅದು ಎದ್ದು ನಿಂತಿತು. ಸ್ವಲ್ಪ ಹೊತ್ತು ಪಾದ ಅದರ ಮೇಲೇ ಇತ್ತು. ಆಮೇಲೆ ಮಂಡಿ ಸವರಿಕೊಂಡು ಪಕ್ಕಕ್ಕೆ ಸರಿದು, "ನೀನೇ ಹೊಡಿ ತಮಾ" ಅಂದರು.