ಎರೆಮೀನಿನ ತೊಟ್ಟಿಯ ಮುಂದೆ ಮೂರು ಚಳಿಗಾಲ

ಮೂರು ಚಳಿಗಾಲದಿಂದ ನಾನು ಜೀವಂತ ಮೀನು ಮಾರುತ್ತಿದ್ದೇನೆ. ಮನುಷ್ಯರು ತಿನ್ನಲಿಕ್ಕಲ್ಲ, ಗಾಳಕ್ಕೆ ಎರೆಯಾಗಿ ಸಿಕ್ಕಿಸಲಿಕ್ಕೆ. ಅಂಗಡಿ ಇರುವುದು ಅಮೆರಿಕದ ಮಿನ್ನೆಸೋಟಾದಲ್ಲಿ, ಮಿಲ್ ಲ್ಯಾಕ್ಸ್ ಸರೋವರಕ್ಕೆ ಹೋಗುವ ದಾರಿಯ ಒಂದು ಸಣ್ಣ ಊರಿನಲ್ಲಿ. ಹೆಂಡತಿಯ ಕೆಲಸದ ನಿಮಿತ್ತ ಇಲ್ಲಿಗೆ ಬಂದೆವು. ನನಗೂ ದುಡಿಯುವ ಪರವಾನಗಿ ಸಿಕ್ಕಾಗ ಮನೆಗೆ ಹತ್ತಿರ ಕಂಡ ಕೆಲಸ ಇದು, ಹಿಡಿದುಕೊಂಡೆ. ಹುಟ್ಟೂರು ಶೃಂಗೇರಿಯ ಹತ್ತಿರ. ಅಜ್ಜಿಯ ಕೈಹಿಡಿದು ತುಂಗೆಯ ಮೆಟ್ಟಿಲಿಳಿದು ಮೀನಿಗೆ ಮಂಡಕ್ಕಿ ಹಾಕಿ ಬೆಳೆದವನಿಗೆ ಈ ಕೆಲಸ ಮೊದಮೊದಲು ಮನಸ್ಸಿಗೆ ಒಗ್ಗಲಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಇಲ್ಲಿ ಡಿಸೆಂಬರ್ ಹೊತ್ತಿಗೆ ಸರೋವರ ಹೆಪ್ಪುಗಟ್ಟುತ್ತದೆ. 4 ಇಂಚು ದಪ್ಪದ ಗಟ್ಟಿ ಹೊಸ ಮಂಜುಗಡ್ಡೆ ಇದ್ದರೆ ನಡೆದು ಹೋಗಬಹುದು ಅನ್ನುವುದು ಸರ್ಕಾರದ ಮಾರ್ಗಸೂಚಿ. ಕಾರು, ಟ್ರಕ್ಕಿಗೆ ಅದರ ಎರಡರಿಂದ ನಾಲ್ಕು ಪಟ್ಟು ಬೇಕು. ಜನ ಬೈರಿಗೆಯಿಂದ ತೂತು ಕೊರೆದು, ಅದರ ಮೇಲೊಂದು ಮಡಚುವ ಗುಡಾರ ಹಾಕಿ, ಗಾಳ ಇಳಿಸಿ ಕೂರುತ್ತಾರೆ. ಆ ಗಾಳದ ತುದಿಗೆ ಬೇಕಾದದ್ದು ನಮ್ಮ ತೊಟ್ಟಿಯ ಮೀನು. ಇಲ್ಲಿಯವರು ಇವನ್ನು ಮಿನ್ನೋ ಅನ್ನುತ್ತಾರೆ. ಬಹಳ ಜನ ಇವು ದೊಡ್ಡ ಮೀನಿನ ಮರಿಗಳು ಅಂದುಕೊಂಡಿದ್ದಾರೆ, ನಾನೂ ಅಂದುಕೊಂಡಿದ್ದೆ. ಹೆಚ್ಚಿನವು ಬೆಳೆದೇ ಅಷ್ಟುದ್ದ. ನಾವು ಅತಿ ಹೆಚ್ಚು ಮಾರುವ ಫ್ಯಾಟ್‌ಹೆಡ್ ಎರಡು ಮೂರು ಇಂಚಿಗೆ ನಿಂತುಬಿಡುತ್ತದೆ.

ಕ್ರಾಪಿ ಎಂಬ ಮೀನಿಗೆ ಸಣ್ಣ ಫ್ಯಾಟ್‌ಹೆಡ್ ಸಾಕು. ವಾಲೈಗೆ, ಅಂದರೆ ಕತ್ತಲಲ್ಲಿ ಕಣ್ಣು ಹೊಳೆಯುವ ಈ ರಾಜ್ಯದ ಅಧಿಕೃತ ಮೀನಿಗೆ, ದೊಡ್ಡ ಫ್ಯಾಟ್‌ಹೆಡ್ ಅಥವಾ ಬೆಳ್ಳಿಯಂತೆ ಮಿನುಗುವ ಗೋಲ್ಡನ್ ಶೈನರ್. ನಾರ್ದರ್ನ್ ಪೈಕ್ ಬೇಕೆಂದವರಿಗೆ ಅಂಗೈಗಿಂತ ಉದ್ದದ ಸಕ್ಕರ್. ಇಷ್ಟು ಕಲಿಯಲು ಒಂದು ದಿನ ಸಾಕಾಯಿತು. ಅವನ್ನು ಬದುಕಿಸಿಕೊಳ್ಳುವುದನ್ನು ಕಲಿಯಲು ಒಂದು ಇಡೀ ತೊಟ್ಟಿ ಮೀನು ಹೋಯಿತು.

ಮೊದಲ ವರ್ಷ, ಒಂದು ಶುಕ್ರವಾರ ಸಂಜೆ. ವಾರಾಂತ್ಯದ ಗಿರಾಕಿಗಳು ಬೆಳಗಿನ ಜಾವವೇ ಬರುತ್ತಾರೆ. ಶೈನರ್ ತೊಟ್ಟಿಯ ನೀರು ಸ್ವಲ್ಪ ಕಲಕಿದಂತೆ, ಮೇಲೆ ನೊರೆ ಕಟ್ಟಿದಂತೆ ಕಂಡಿತು. ಚೊಕ್ಕ ಮಾಡೋಣ ಅಂತ ಅರ್ಧ ನೀರು ಹೊರಹಾಕಿ, ನಲ್ಲಿಗೆ ಪೈಪು ಸಿಕ್ಕಿಸಿ ನೇರವಾಗಿ ಹೊಸ ನೀರು ಬಿಟ್ಟೆ. ನೀರು ಕನ್ನಡಿಯಂತಾಯಿತು. ನನಗೆ ಖುಷಿಯೋ ಖುಷಿ. ಬೆಳಿಗ್ಗೆ ನಾಲ್ಕೂವರೆಗೆ ಬಾಗಿಲು ತೆಗೆದು ದೀಪ ಹಾಕಿದರೆ ಮೀನುಗಳೆಲ್ಲ ಬೆಳ್ಳಗೆ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಮಿನ್ನೆಸೋಟಾಕ್ಕೆ ಹೊರ ರಾಜ್ಯದಿಂದ ಜೀವಂತ ಎರೆಮೀನು ತರಿಸುವಂತಿಲ್ಲ. ಆ ವಾರ ಶೈನರ್ ಸಿಗುವುದೇ ಕಷ್ಟವಾಗಿತ್ತು. ಅಂಗಡಿಯ ಯಜಮಾನಿಗೆ, ಎಪ್ಪತ್ತು ದಾಟಿದ ಹೆಂಗಸು, ಹೇಗೆ ಮುಖ ತೋರಿಸಲಿ ಅಂತ ನಿಂತಿದ್ದೆ. ಅವರು ಬಂದರು, ನೋಡಿದರು, ತೊಟ್ಟಿಯಲ್ಲಿ ಬೆರಳದ್ದಿ ಮೂಸಿದರು. ಬೈಯಲಿಲ್ಲ. ಹಿಂದಿನ ಕೋಣೆಯಲ್ಲಿದ್ದ ನೀಲಿ ಡ್ರಮ್ಮಿನ ಮುಂದೆ ಕರೆದೊಯ್ದು, ಇದು ಯಾಕಿದೆ ಅಂತ ಕೇಳಿದರು. ಎರಡು ತಿಂಗಳಿಂದ ದಿನಾ ಅದರ ಪಕ್ಕದಲ್ಲೇ ಓಡಾಡುತ್ತಿದ್ದೆ, ಒಮ್ಮೆಯೂ ವಿಚಾರಿಸಿರಲಿಲ್ಲ.

ಊರ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ನಮಗೆ ಅದು ರಕ್ಷಣೆ, ಮೀನಿನ ಕಿವಿರಿಗೆ ಅದೇ ಸುಡುವ ಮದ್ದು. ಆ ಡ್ರಮ್ಮಿನಲ್ಲಿ ಒಂದು ದಿನ ಗಾಳಿಗುಳ್ಳೆ ಬಿಟ್ಟು ನಿಲ್ಲಿಸಿದರೆ ಕ್ಲೋರಿನ್ ಹಾರಿಹೋಗುತ್ತದೆ, ನೀರೂ ತೊಟ್ಟಿಯಷ್ಟೇ ತಣ್ಣಗಾಗುತ್ತದೆ. ಕೆಲವು ಊರುಗಳಲ್ಲಿ ಕ್ಲೋರಿನ್ ಬದಲು ಕ್ಲೋರಮೈನ್ ಹಾಕುತ್ತಾರೆ, ಅದು ನಿಲ್ಲಿಸಿದ ಮಾತ್ರಕ್ಕೆ ಹೋಗದು, ಸೋಡಿಯಂ ಥಯೋಸಲ್ಫೇಟ್ ಹಾಕಿ ಮುರಿಯಬೇಕು. ನಿಮ್ಮೂರಿನ ನೀರು ಯಾವುದೆಂದು ನೀರು ಸರಬರಾಜಿನವರನ್ನು ಕೇಳಿ ತಿಳಿದುಕೊಳ್ಳಿ. ಮನೆಯಲ್ಲಿ ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವವರಿಗೂ ಇದೇ ಮಾತು.

ಆ ದಿನದಿಂದ ಯಜಮಾನಿ ನನಗೆ ತೊಟ್ಟಿ ನೋಡುವುದನ್ನು ಕಲಿಸಿದರು. ಆರೋಗ್ಯದ ಮೀನು ಕೆಳಗಿರುತ್ತದೆ, ನೀರು ಬರುವ ದಿಕ್ಕಿಗೆ ಮುಖ ಮಾಡಿ ಗುಂಪಾಗಿ ನಿಲ್ಲುತ್ತದೆ. ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಉಸಿರಿಗೆ ಸಾಲುತ್ತಿಲ್ಲವೆಂದು ಅರ್ಥ. ಮೂತಿ ಕೆಂಪಾಗಿದ್ದರೆ ಗೋಡೆಗೆ ಗುದ್ದಿಕೊಂಡಿದೆ. ಮೈಮೇಲೆ ಹತ್ತಿಯಂಥ ಬಿಳಿ ಕಂಡರೆ ಬೂಷ್ಟು. ನೀರಲ್ಲಿ ಹುರುಪೆ ಮಿನುಗುತ್ತಿದ್ದರೆ ಯಾರೋ ಶೈನರನ್ನು ಒರಟಾಗಿ ಎತ್ತಿದ್ದಾರೆ. ಒಣಗೈಯಿಂದ ಮುಟ್ಟಿದರೆ ಮೈಯ ಲೋಳೆ ಹೋಗುತ್ತದೆ, ಆ ಲೋಳೆಯೇ ಮೀನಿನ ಕವಚ. ನಮ್ಮಲ್ಲಿ ಕೈಬಲೆ ಬಿಟ್ಟು ಬೇರೇನೂ ತೊಟ್ಟಿಗಿಳಿಯುವುದಿಲ್ಲ. ನೀವು ಕೊಳ್ಳಲು ಹೋದಾಗ ಗಾತ್ರ ಆಮೇಲೆ ನೋಡಿ, ಮೊದಲು ಬಲೆ ಇಳಿದಾಗ ಮೀನು ಎಷ್ಟು ಚುರುಕಾಗಿ ಚದುರುತ್ತದೆ ನೋಡಿ.

ನಿಮ್ಮ ಮೀನು ದಾರಿಯಲ್ಲೇ ಸತ್ತವು ಎಂದು ಬರುವ ದೂರಿಗೆ ಹೆಚ್ಚಾಗಿ ಒಂದೇ ಕಾರಣ: ಕಾರಿನ ಹೀಟರ್. ಹೊರಗೆ ಮೈನಸ್ 20 ಡಿಗ್ರಿ, ಪಾಪ ಮೀನಿಗೆ ಚಳಿಯಾದೀತು ಅಂತ ಬಕೆಟ್ಟನ್ನು ಕಾಲ ಹತ್ತಿರ ಬೆಚ್ಚಗೆ ಇಟ್ಟುಕೊಳ್ಳುತ್ತಾರೆ. 0 ಡಿಗ್ರಿ ನೀರು ಲೀಟರಿಗೆ 14.6 ಮಿಲಿಗ್ರಾಂವರೆಗೆ ಆಮ್ಲಜನಕ ಹಿಡಿಯಬಲ್ಲದು. 20 ಡಿಗ್ರಿಯಲ್ಲಿ ಅದು ಸುಮಾರು 9. ಬೆಚ್ಚಗಾದಂತೆ ಮೀನಿಗೆ ಬೇಕಾಗುವ ಉಸಿರು ಜಾಸ್ತಿ, ನೀರಲ್ಲಿ ಸಿಗುವುದು ಕಡಿಮೆ. ಸಾಲದ್ದಕ್ಕೆ ಸರೋವರ ತಲುಪಿದ ಮೇಲೆ ಆ ಮೀನನ್ನು ಒಮ್ಮೆಲೇ ತೂತಿನ ಕೊರೆಯುವ ಚಳಿ ನೀರಿಗೆ ಇಳಿಸುತ್ತಾರೆ. ಥರ್ಮೋಕೋಲ್ ಬಕೆಟ್ ತನ್ನಿ, ಕಾರಿನ ಅತಿ ತಂಪಾದ ಮೂಲೆಯಲ್ಲಿಡಿ, ಬ್ಯಾಟರಿಯ ಸಣ್ಣ ಗಾಳಿಪಂಪು ಹಾಕಿ. ಆರು ಡಜನ್ ತುಂಬುವ ಜಾಗದಲ್ಲಿ ಮೂರು ಡಜನ್ ಒಯ್ಯಿರಿ. ಕಡಿಮೆ ಮಾರಾಟವಾದರೂ ಯಜಮಾನಿ ಇದನ್ನೇ ಹೇಳಲು ಹೇಳಿದ್ದಾರೆ, ಅದಕ್ಕೇ ಅವರ ಮೇಲೆ ನನಗೆ ಗೌರವ.

ಇನ್ನು ಮನಸ್ಸಿಗೆ ಒಗ್ಗದ ಮಾತು. ಒಂದು ಭಾನುವಾರ ಸಂಜೆ ಒಬ್ಬ ತಂದೆ, ಇಬ್ಬರು ಮಕ್ಕಳು ಉಳಿದ ಮೀನಿನ ಬಕೆಟ್ ಹಿಡಿದು ಬಂದರು. ಇವನ್ನು ಸರೋವರಕ್ಕೇ ಬಿಟ್ಟುಬಿಡಲಾ ಅಂತ ಚಿಕ್ಕ ಹುಡುಗಿ ಕೇಳಿದಳು. ನನ್ನ ಬಾಯಲ್ಲಿ ಹೂಂ ಬಂದೇಬಿಟ್ಟಿತ್ತು. ಜೀವ ಬಿಟ್ಟರೆ ಪುಣ್ಯ ಎಂದೇ ನಾನು ಕಲಿತದ್ದು. ಒಳಗಿಂದ ಯಜಮಾನಿ ಕೂಗಿ ತಡೆದರು. ಎರೆಮೀನನ್ನು ಕೆರೆಗೆ ಬಿಡುವುದು ಇಲ್ಲಿ ಕಾನೂನುಬಾಹಿರ. ಬೇಡವಾಗಿ ಉಳಿದದ್ದನ್ನು ಕಸದ ಡಬ್ಬಿಗೇ ಹಾಕಬೇಕು. ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಆಮೇಲೆ ಓದುತ್ತ ಹೋದಂತೆ ಕಾರಣ ತಿಳಿಯಿತು. ವಿಎಚ್‌ಎಸ್ ಎಂಬ ವೈರಸ್ ರೋಗ 2005ರ ಹೊತ್ತಿಗೆ ಅಮೆರಿಕ, ಕೆನಡಾ ಗಡಿಯ ಗ್ರೇಟ್ ಲೇಕ್ಸ್ ಎಂಬ ದೊಡ್ಡ ಸರೋವರಗಳಲ್ಲಿ ರಾಶಿ ರಾಶಿ ಮೀನು ಕೊಂದಿತ್ತು. ಅದು ಎರೆಮೀನಿನ ಜೊತೆ ಊರೂರು ಸುತ್ತಬಲ್ಲದು. ಝೀಬ್ರಾ ಮಸಲ್ ಎಂಬ ಚಿಪ್ಪುಜೀವಿಯ ಮರಿಗಳು ಬರಿಗಣ್ಣಿಗೆ ಕಾಣುವುದಿಲ್ಲ, ಒಂದು ಬಕೆಟ್ ನೀರಲ್ಲೇ ಪ್ರಯಾಣ ಮಾಡುತ್ತವೆ. ನಮ್ಮ ಕೆರೆಗಳಲ್ಲಿ ಆಫ್ರಿಕನ್ ಕ್ಯಾಟ್‌ಫಿಶ್ ಸೇರಿಕೊಂಡು ಸ್ಥಳೀಯ ಮೀನುಗಳನ್ನು ನುಂಗುತ್ತಿರುವುದು ನೆನಪಾಯಿತು. ಅಲ್ಲಿಯೂ ಯಾರೋ ತಂದು ಬಿಟ್ಟದ್ದೇ ತಾನೆ.

ಸರೋವರ ಬಿಟ್ಟು ಹೊರಡುವಾಗ ಬಕೆಟ್ಟಿನ ನೀರನ್ನೂ ಚೆಲ್ಲಿಯೇ ಹೊರಡಬೇಕು. ಉಳಿದ ಮೀನು ಮುಂದಿನ ವಾರಕ್ಕೆ ಬೇಕೆಂದರೆ ಬದಲಿಗೆ ನಲ್ಲಿಯದೋ ಬಾಟಲಿಯದೋ ನೀರು ತುಂಬಿಸಿಕೊಳ್ಳಬೇಕು. ನಲ್ಲಿ ನೀರೆಂದರೆ ಮತ್ತೆ ಅದೇ ಕ್ಲೋರಿನ್ನಿನ ಕಥೆ. ಅದಕ್ಕೆ ನಾನು ಪ್ರತಿ ಗುರುವಾರ ರಾತ್ರಿ ಆ ನೀಲಿ ಡ್ರಮ್ ತುಂಬಿಸಿ ಗಾಳಿ ಹಚ್ಚಿ ಮನೆಗೆ ಹೋಗುತ್ತೇನೆ. ಶನಿವಾರ ಬೆಳಿಗ್ಗೆ ಮೀನು ಕೊಂಡವರಿಗೆಲ್ಲ ಅದರಿಂದ ಒಂದೊಂದು ಕ್ಯಾನ್ ತಣ್ಣೀರು ಕೈಗಿಡುತ್ತೇನೆ, ದುಡ್ಡಿಲ್ಲದೆ. ಆ ಹುಡುಗಿ ಈಗ ಬಂದರೆ ಮೊದಲು ತಾನೇ ಕ್ಯಾನ್ ಎತ್ತಿಕೊಳ್ಳುತ್ತಾಳೆ.