ನೆಲ್ಲಿ ಓಟೆ ಸಿಡಿಯುವವರೆಗೆ ಕಾಯಿರಿ

ಬೆಟ್ಟದ ನೆಲ್ಲಿ ಹಾಕಿದೆ, ಒಂದೂ ಹುಟ್ಟಲಿಲ್ಲ ಅಂತ ತುಂಬಾ ಜನ ಹೇಳುತ್ತಾರೆ. ವಿಚಾರಿಸಿದರೆ ಹಣ್ಣು ತಿಂದು ಉಳಿದ ಓಟೆಯನ್ನೇ ಮಣ್ಣಿಗೆ ಹಾಕಿರುತ್ತಾರೆ. ನಿಜವಾದ ಬೀಜ ಆ ಗಟ್ಟಿ ಓಟೆಯ ಒಳಗಿದೆ. 3 ಕೋಣೆ, ಕೋಣೆಗೆ 2ರಂತೆ ಒಟ್ಟು 6 ಪುಟ್ಟ ಕಂದು ಬೀಜ.

ಓಟೆಯನ್ನು ಸುತ್ತಿಗೆಯಿಂದ ಒಡೆಯಬೇಡಿ, ಬೀಜವೂ ಜಜ್ಜಿ ಹೋಗುತ್ತದೆ. ಮರದಲ್ಲೇ ಚೆನ್ನಾಗಿ ಬಲಿತ ಕಾಯಿ ತೆಗೆದುಕೊಂಡು, ತಿರುಳು ಬಿಡಿಸಿ, ಓಟೆ ತೊಳೆದು ಬಿಸಿಲಿಗೆ ಹರಡಿ. ಕೆಲವು ದಿನ ಏನೂ ಆಗುವುದಿಲ್ಲ. ಆಮೇಲೆ ಒಂದು ಮಧ್ಯಾಹ್ನ ಟಪ್ ಅಂತ ಸದ್ದು ಬರುತ್ತದೆ, ಓಟೆ ತಾನಾಗಿ ಬಿರಿದು ಬೀಜ ಹೊರಗೆ ಹಾರುತ್ತದೆ. ನನಗಂತೂ ಆ ಸದ್ದು ಕೇಳುವುದೇ ಒಂದು ಖುಷಿ. ಮೇಲೆ ತೆಳು ಬಟ್ಟೆ ಮುಚ್ಚಿರಬೇಕು, ಇಲ್ಲದಿದ್ದರೆ ಅರ್ಧ ಬೀಜ ನೆಲದಲ್ಲಿ ಹುಡುಕಬೇಕಾಗುತ್ತದೆ.

ಈ ಬಿಸಿಲಿನ ಪಾಠವನ್ನು ನೇರಳೆ, ಹಲಸು, ಮಾವಿಗೆ ಮಾತ್ರ ಹಚ್ಚಬೇಡಿ. ಅವು ಒಣಗಿದರೆ ಸತ್ತೇ ಹೋಗುತ್ತವೆ, ಹಣ್ಣಿನಿಂದ ತೆಗೆದ ಕೂಡಲೇ ಬಿತ್ತಬೇಕು. ನೆಲ್ಲಿ ಬೀಜ ಹಾಗಲ್ಲ, ಒಣಗಿದಷ್ಟೂ ಬಾಳಿಕೆ ಜಾಸ್ತಿ. ಒಣಗಿಸಿ ಇಡಬಹುದಾದ ಬೀಜಗಳಿಗೆ ಒಂದು ಅಂದಾಜಿನ ಲೆಕ್ಕ ಇದೆ: ತೇವಾಂಶ ಶೇ. 1ರಷ್ಟು ಇಳಿದರೆ ಆಯಸ್ಸು ಸುಮಾರು ಎರಡು ಪಟ್ಟು, ಇಡುವ ಜಾಗ 5 ಡಿಗ್ರಿ ತಂಪಾದರೂ ಅಷ್ಟೇ.

ಇಡುವಾಗ ನಾನು ಒಮ್ಮೆ ಅವಸರ ಮಾಡಿದೆ. ಬಿಸಿಲಿನಿಂದ ತಂದ ಬೀಜವನ್ನು ಬಿಸಿ ಬಿಸಿಯಾಗಿಯೇ ಬಾಟಲಿಗೆ ತುಂಬಿ ಮುಚ್ಚಳ ಬಿಗಿದೆ. ಮರುದಿನ ಗಾಜಿನ ಒಳಗೆ ಸಣ್ಣ ಹನಿಗಳು, ಸ್ವಲ್ಪ ದಿನಕ್ಕೆ ಬೂಸ್ಟು. ಅಷ್ಟು ದಿನದ ಕೆಲಸ ಹಾಳಾಯಿತಲ್ಲ ಅಂತ ತುಂಬಾ ಬೇಜಾರಾಯಿತು. ಈಗ ನೆರಳಲ್ಲಿ ಪೂರ್ತಿ ಆರಿಸಿ, ಒಂದು ಹಿಡಿ ಬೀಜದ ಜೊತೆ ಚೆನ್ನಾಗಿ ಒಣಗಿದ ಉಪ್ಪು ಸ್ವಲ್ಪ ಹಾಕಿ ಬಾಟಲಿ ಅಲ್ಲಾಡಿಸಿ ನೋಡುತ್ತೇನೆ. ಉಪ್ಪು ಗಾಜಿಗೆ ಅಂಟಿದರೆ ಉಳಿದ ಬೀಜ ಇನ್ನೂ ಒಣಗಬೇಕು. ಅಂಟದಿದ್ದರೆ ಮುಚ್ಚಳ ಬಿಗಿದು, ತಾರೀಕು ಬರೆದು, ತಂಪಾದ ಜಾಗದಲ್ಲಿ ಇಡುತ್ತೇನೆ.

ಬಿತ್ತುವ ಹಿಂದಿನ ದಿನ ನೀರಲ್ಲಿ ನೆನೆಹಾಕಿ, 24 ಗಂಟೆ ಸಾಕು. ಕೊನೆಗೂ ತೇಲುತ್ತಲೇ ಇರುವವು ಹೆಚ್ಚಾಗಿ ಜೊಳ್ಳು, ತೆಗೆದುಬಿಡಿ. ನೆನೆದಾಗ ಬೀಜದ ಒಳಗೆ ಮೊಳಕೆಯ ತಯಾರಿ ಶುರುವಾಗುತ್ತದೆ, ಬೇರು ಇನ್ನೂ ಹೊರಗೆ ಬಂದಿರುವುದಿಲ್ಲ. ಹಾಗಾಗಿ ಬಿತ್ತಿದ ಮೇಲೆ ಬೇಗ, ಹೆಚ್ಚು ಕಡಿಮೆ ಒಟ್ಟಿಗೇ ಹುಟ್ಟುತ್ತವೆ. ನರ್ಸರಿಯವರು ಇದೇ ನೀರಿಗೆ ಲೀಟರಿಗೆ ಅರ್ಧ ಗ್ರಾಂ ಜಿಬ್ಬರೆಲಿಕ್ ಆಮ್ಲ (ಮೊಳಕೆಗೆ ನೆರವಾಗುವ ಸಸ್ಯ ಹಾರ್ಮೋನಿನ ಪುಡಿ) ಸೇರಿಸುವುದುಂಟು, ಮೊಳಕೆ ಇನ್ನೂ ಚೆನ್ನಾಗಿ ಬರುತ್ತದೆ. ಆ ಪುಡಿ ನೀರಲ್ಲಿ ಸುಲಭವಾಗಿ ಕರಗುವುದಿಲ್ಲ, ಮೊದಲು ಸ್ವಲ್ಪವೇ ಸ್ವಲ್ಪ ಆಲ್ಕೋಹಾಲಿನಲ್ಲಿ ಕರಗಿಸಿಕೊಳ್ಳಬೇಕು. ಮನೆ ಮಟ್ಟಕ್ಕೆ ಬರೀ ನೀರೇ ಸಾಕು ಅನ್ನುವುದು ನನ್ನ ಅಭಿಪ್ರಾಯ.

ನೆನೆದ ಬೀಜವನ್ನು ಮತ್ತೆ ಬಾಟಲಿಗೆ ತುಂಬಿ ತಿಂಗಳುಗಟ್ಟಲೆ ಇಡಬೇಡಿ, ಅದರ ಬಾಳಿಕೆ ಆಗಲೇ ಕಡಿಮೆಯಾಗಿರುತ್ತದೆ. ಮೇಲಿನ ಪಸೆ ಆರಿಸಿ ಅವತ್ತೇ ಬಿತ್ತಿ. ಬೀಜ ತುಂಬಾ ಚಿಕ್ಕದು, ಆಳಕ್ಕೆ ಹಾಕದೆ ಮೇಲೆ ಸುಮ್ನೆ ತೆಳ್ಳಗೆ ಮಣ್ಣು ಉದುರಿಸಿ.